ಬಾವಿಯ ಸುತ್ತು, ಹೊಲದ ಸಾಲು

ಎರಡನೆಯ ಸಲ ನನ್ನನ್ನು ಸೈಕಲ್ಲಿನಿಂದ ಇಳಿಸಿದಾಗ ನಾನಿನ್ನೂ ಆರನೆಯ ಸುತ್ತಿನಲ್ಲಿದ್ದೆ. ರಸ್ತೆ ಬದಿಯಲ್ಲಿ ನಿಂತಿದ್ದ ಅಧಿಕಾರಿ ಸೀಟಿ ಊದಿ, ನನ್ನ ನಂಬರು ಕೂಗಿ, ಕೈ ಅಡ್ಡ ಹಿಡಿದರು. ಕಾಲಿನಲ್ಲಿ ಕಸುವಿತ್ತು, ಎದೆಯಲ್ಲಿ ಉಸಿರಿತ್ತು, ಸೈಕಲ್ಲಿಗೂ ಏನೂ ಆಗಿರಲಿಲ್ಲ. ಆದರೂ ಇಳಿದು, ಹೆಲ್ಮೆಟ್ಟಿನ ಕೊಂಡಿ ಬಿಚ್ಚಿ, ಬೇಲಿಯ ಆಚೆ ಹೋಗಿ ನಿಂತೆ. ಅಲ್ಲಿ ಎಳನೀರು ಮಾರುವವನೊಬ್ಬ ಚಕ್ರದ ಕಡೆ ಬೆರಳು ತೋರಿಸಿ ಪಂಚರ್ರಾ ಎಂದು ಕೇಳಿದ. ಹೌದು ಎಂದು ತಲೆಯಾಡಿಸಿದೆ. ಸುಳ್ಳು ಹೇಳುವಷ್ಟು ಅವಮಾನವಾಗಿತ್ತು.

ಟ್ರಯಥ್ಲಾನ್ ಎಂದರೆ ಮೊದಲು ಒಂದೂವರೆ ಕಿಲೋಮೀಟರ್ ಈಜು, ನೀರಿನಿಂದ ಎದ್ದ ಕೂಡಲೇ ನಲವತ್ತು ಕಿಲೋಮೀಟರ್ ಸೈಕಲ್, ಅದರಿಂದ ಇಳಿದ ಕೂಡಲೇ ಹತ್ತು ಕಿಲೋಮೀಟರ್ ಓಟ. ಇದನ್ನೇ ವೃತ್ತಿ ಮಾಡಿಕೊಂಡ ನಮ್ಮಂಥವರ ರೇಸಿನಲ್ಲಿ ಸೈಕಲ್ಲನ್ನು ಐದೈದು ಕಿಲೋಮೀಟರಿನ ಎಂಟು ಸುತ್ತು ಹೊಡೆಯಬೇಕು. ಎಲ್ಲರಿಗಿಂತ ಮುಂದಿರುವವರು ಸುತ್ತಿ ಬಂದು ನಿಮ್ಮನ್ನು ಹಿಂದಿನಿಂದ ಹಿಡಿದುಬಿಟ್ಟರೆ, ಅಂದರೆ ನೀವು ಪೂರಾ ಒಂದು ಸುತ್ತು ಹಿಂದೆ ಬಿದ್ದರೆ, ಅಲ್ಲಿಗೆ ನಿಮ್ಮ ಆಟ ಮುಗಿಯಿತು. ನೀರಿನಿಂದ ಒಟ್ಟಿಗೆ ಎದ್ದವರು ಸೈಕಲ್ಲಿನಲ್ಲೂ ಗುಂಪಾಗುತ್ತಾರೆ. ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು, ಸರದಿಯ ಮೇಲೆ ಗಾಳಿಗೆ ಎದೆಯೊಡ್ಡುತ್ತಾರೆ. ಗುಂಪು ತಪ್ಪಿದವಳಿಗೆ ಗಾಳಿಯೆಲ್ಲ ಅವಳೊಬ್ಬಳದೇ. ಎರಡೂ ರೇಸಿನಲ್ಲಿ ನಾನು ನೀರಿನಿಂದ ಎದ್ದದ್ದು ಕೊನೆಯವಳಾಗಿ, ಎರಡೂವರೆ ನಿಮಿಷ ತಡವಾಗಿ.

ಆ ಸಂಜೆ ತಂಡದ ಕೋಚ್ ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಕೂಗಾಡುವ ಮನುಷ್ಯನಲ್ಲ ಅವರು. ಕೂಗಾಡಿದ್ದರೆ ವಾಸಿಯಿತ್ತು.

"ನೋಡಮ್ಮ, ಜೂನ್ ಕೊನೆಗೆ ಇನ್ನೊಂದು ರೇಸ್ ಕೊಡ್ತೀನಿ. ಅದರಲ್ಲೂ ಇಳಿಸಿದ್ರೆ ಸೈಕಲ್ ವಾಪಸ್ ಕೊಟ್ಟುಬಿಡು. ಕಾಯ್ತಿರೋ ಹುಡುಗಿಯರು ಇದ್ದಾರೆ, ನಾನೇನೂ ಮಾಡೋಕಾಗಲ್ಲ."

ಸೈಕಲ್ ತಂಡದ್ದು. ಒಂದೇ ಕೈಯಲ್ಲಿ ಎತ್ತಬಹುದಾದ ಕಾರ್ಬನ್ ಸೈಕಲ್. ಅದು ಹೋದರೆ ತಂಡ ಹೋಯಿತು, ತಂಡ ಹೋದರೆ ರೇಸಿನ ಪ್ರವೇಶವೂ ಹೋಯಿತು. ಇಪ್ಪತ್ತಾರನೇ ವಯಸ್ಸಿನಲ್ಲಿ ನನ್ನ ಕೈಲಿದ್ದ ಕೆಲಸ ಅದೊಂದೇ. ಬೇರೆ ಕೆಲಸ ನನಗೆ ಬರುವುದಿಲ್ಲ, ಬೇಕಾಗಿಯೂ ಇರಲಿಲ್ಲ.

ತಂಡದ ಈಜುಕೊಳ ಆ ಬೇಸಿಗೆ ರಿಪೇರಿಗೆ ಮುಚ್ಚಿತ್ತು. ಸೈಕಲ್ ಪೆಟ್ಟಿಗೆ ಹೊತ್ತು ಚಳ್ಳಕೆರೆ ಸೀಮೆಯ ತಳಕಿನ ಹತ್ತಿರದ ನಮ್ಮ ಹಳ್ಳಿಗೆ ಬಂದೆ. ಈಜಿನಲ್ಲಿ ಕಸುವು ಸಾಲುತ್ತಿಲ್ಲ, ದೂರ ಹೆಚ್ಚಿಸು ಎಂದು ಕೋಚ್ ಹೇಳಿದ್ದರು. ದೂರ ಹೆಚ್ಚಿಸಲು ನನಗೆ ಇದ್ದದ್ದು ದೊಡ್ಡಪ್ಪನ ತೋಟದ ಬಾವಿ. ಎಂಟನೇ ವಯಸ್ಸಿನಲ್ಲಿ ನಾನು ಈಜು ಕಲಿತದ್ದೂ ಅದರಲ್ಲೇ, ತೇಲಲೆಂದು ಬೆನ್ನಿಗೆ ಕತ್ತಾಳೆ ಬೆಂಡು ಕಟ್ಟಿಸಿಕೊಂಡು. ನಲವತ್ತು ಅಡಿ ಅಗಲದ ಗುಂಡು ಬಾವಿ, ಸುತ್ತ ಕಲ್ಲಿನ ಗೋಡೆ, ಒಂದು ಕಡೆ ಮೆಟ್ಟಿಲು. ಹಿಂದಿನ ವರ್ಷ ಮಳೆ ಚೆನ್ನಾಗಿ ಹಿಡಿದಿದ್ದರಿಂದ ನೀರು ಅರ್ಧ ಬಾವಿಯವರೆಗೆ ನಿಂತಿತ್ತು.

ಬಾವಿಯ ಯಜಮಾನಿಕೆ ದೊಡ್ಡಮ್ಮನದು. ನಾನು ಮೆಟ್ಟಿಲಿಳಿಯುವುದನ್ನು ನೋಡಿ ನಕ್ಕಳು. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳೇನು? ಇಳಿ ಇಳಿ. ಸುತ್ತು ಗೊತ್ತೈತಲ್ಲ?"

ಗೊತ್ತಿಲ್ಲದೆ ಏನು. ಆ ಬಾವಿಯಲ್ಲಿ ಎಲ್ಲರೂ ಬಲಕ್ಕೇ ಸುತ್ತಬೇಕು, ಗುಡಿ ಸುತ್ತುವ ಹಾಗೆ. ದಡದಿಂದ ಹಾರುವ ಮಕ್ಕಳು ಈಜುವವರ ತಲೆಯ ಮೇಲೆ ಬೀಳದಿರಲಿ ಎಂದು ಯಾರೋ ಮಾಡಿದ ಕಟ್ಟಳೆ ಇರಬೇಕು. ನನಗೆ ತಿಳಿದಂತೆ ಅಲ್ಲಿ ಒಂದು ತಲೆಯೂ ಒಡೆದಿಲ್ಲ. ಗೋಡೆ ಎಡಕ್ಕಿರುತ್ತದೆ. ಗೋಡೆಗೆ ಕೈ ತಾಗಬಾರದಲ್ಲ, ಅದಕ್ಕೆ ಎಡಕ್ಕೆ ಮುಖ ಹೊರಳಿಸಿ ಉಸಿರು ತೆಗೆದುಕೊಳ್ಳುತ್ತಾ, ಗೋಡೆಯನ್ನು ನೋಡುತ್ತಾ ಸುತ್ತುವುದು.

ಒಂದು ಸುತ್ತಿಗೆ ಮೂವತ್ತು ಮೀಟರಿಗೆ ತುಸು ಕಡಿಮೆ. ದಿನಕ್ಕೆ ನೂರು ಸುತ್ತು ಹಾಕಿದೆ, ಎರಡನೇ ವಾರಕ್ಕೆ ನೂರೈವತ್ತಕ್ಕೆ ಏರಿಸಿದೆ. ಅಪ್ಪ ದಡದಲ್ಲಿ ಕೂತು, ಹತ್ತು ಸುತ್ತಿಗೊಂದು ಶೇಂಗಾ ಕಾಯಿ ಪಕ್ಕಕ್ಕಿಟ್ಟು ಲೆಕ್ಕ ಹಿಡಿಯುತ್ತಿದ್ದರು. ನೀರಿನಲ್ಲಿ ಕುತ್ತಿಗೆ ಕಂಕುಳು ಉಜ್ಜಿ ಗಾಯವಾಗದಿರಲೆಂದು ಗಾಣದ ಶೇಂಗಾ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಮಧ್ಯಾಹ್ನದ ಮೇಲೆ ತಳಕಿನಿಂದ ಬಳ್ಳಾರಿ ರಸ್ತೆಯಲ್ಲಿ ಎದುರು ಗಾಳಿಗೆ ಸೈಕಲ್, ಮರುದಿನ ಬೆಳಿಗ್ಗೆ ಓಟ. ತಿಂಗಳಲ್ಲಿ ನನ್ನ ತೋಳುಗಳು ಅಂಗಿಯ ಕೈಗೆ ಬಿಗಿಯಾಗುವಷ್ಟು ಬಲಿತವು. ಈ ಸಲ ನೋಡಿ ಎಂದು ನನ್ನಷ್ಟಕ್ಕೇ ಹೆಮ್ಮೆಪಡುತ್ತಿದ್ದೆ. ಆ ಹೆಮ್ಮೆ ನೆನೆದರೆ ಈಗ ನಗು ಬರುತ್ತದೆ.

ಮೇ ನಡುವಿಗೆ ಕೋಚ್ ಫೋನ್ ಮಾಡಿ, ತೆರೆದ ನೀರಿನಲ್ಲಿ ಒಂದು ಟ್ರಯಲ್ ಮಾಡಿ ಟೈಮ್ ಕಳಿಸು ಎಂದರು. ಮೊಳಕಾಲ್ಮೂರು ಕಡೆಯ ಜಲಾಶಯಕ್ಕೆ ಹೋದೆವು. ನಾನು ಸೈಕಲ್ಲಿನಲ್ಲಿ, ಅಪ್ಪ ಹಿಂದೆ ಮೊಪೆಡ್ಡಿನಲ್ಲಿ. ಅಲ್ಲಿ ಮೀನು ಹಿಡಿಯುವವರೊಬ್ಬರು ತಮ್ಮ ಗುಂಡು ತೆಪ್ಪದಲ್ಲಿ ನನ್ನ ಜೊತೆಗೆ ಬರಲು ಒಪ್ಪಿದರು. ದಡದಿಂದ ಮುನ್ನೂರು ಮೀಟರ್ ಒಳಗೆ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ, ಕಲ್ಲಿನ ಭಾರ ಬಿಟ್ಟು ತೇಲಿಸಿದೆವು. ಅದನ್ನು ಮುಟ್ಟಿ ಬರುವುದು, ಮತ್ತೆ ಹೋಗುವುದು.

ಮೊದಲ ಸಲ ಇನ್ನೂರು ಮೀಟರ್ ಹೋಗಿರಬೇಕು. ತೆಪ್ಪದವರ ನಗು ಕೇಳಿ ತಲೆಯೆತ್ತಿದೆ.

"ಏಮ್ಮಾ, ಕ್ಯಾನ್ ಆ ಕಡೆ ಐತೆ, ನುವ್ವು ಎಕ್ಕಡಿಕಿ ಪೋತಾವು?" ಎಂದರು. ನಾನು ಎಲ್ಲಿಗೆ ಹೊರಟಿದ್ದೇನೆ ಎಂದು ಅವರ ಪ್ರಶ್ನೆ. ಕ್ಯಾನು ನನ್ನ ಎಡಕ್ಕೆ ಎಲ್ಲೋ ದೂರದಲ್ಲಿತ್ತು. "ತೆಪ್ಪ ಸುತ್ತೋದು ಅದರ ಗುಣ. ನೀನ್ಯಾಕಮ್ಮ ಸುತ್ತುತೀಯ?"

ಗಾಳಿ ಎಂದೆ. ಅವರು ಬೀಡಿಯ ಹೊಗೆಯನ್ನು ತೋರಿಸಿದರು, ಅದು ನೆಟ್ಟಗೆ ಮೇಲೆ ಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದು ಆ ಕತೆಯಾಯಿತು. ಮತ್ತೆ ಹೋದೆ, ಮತ್ತೆ ಬಲಕ್ಕೆ. ಮೂರನೇ ಸಲವೂ ಬಲಕ್ಕೆ.

ದಡಕ್ಕೆ ಬಂದು ಕೂತು, ವಾಚಿನಲ್ಲಿ ಹಳೆಯ ಎರಡು ರೇಸಿನ ಲೆಕ್ಕ ತೆಗೆದೆ. ಸಾವಿರದ ಐನೂರು ಮೀಟರಿನ ಈಜಿಗೆ ಒಂದರಲ್ಲಿ ಸಾವಿರದ ಏಳುನೂರು, ಇನ್ನೊಂದರಲ್ಲಿ ಅದಕ್ಕೂ ಮೇಲೆ ತೋರಿಸಿತ್ತು. ನೀರಿನಲ್ಲಿ ವಾಚಿನ ಲೆಕ್ಕ ತಪ್ಪುತ್ತದೆ ಎಂದು ನಾನೂ ಕೋಚೂ ಅದನ್ನು ನಂಬಿರಲಿಲ್ಲ. ವಾಚು ಸರಿಯಾಗಿಯೇ ಇತ್ತು. ನಾನು ಎಲ್ಲರಿಗಿಂತ ನಿಧಾನವಾಗಿ ಈಜಿರಲಿಲ್ಲ, ಎಲ್ಲರಿಗಿಂತ ಜಾಸ್ತಿ ಈಜಿದ್ದೆ. ಬಾವಿ ನನ್ನ ಮೈಯನ್ನು ಬಲಕ್ಕೆ ಬಗ್ಗಿಸಿಟ್ಟಿತ್ತು. ಈಜುಕೊಳದಲ್ಲಿ ತಳದ ಕಪ್ಪು ಗೆರೆ, ಪಕ್ಕದ ಹಗ್ಗ ನನ್ನನ್ನು ನೆಟ್ಟಗೆ ಇಟ್ಟಿದ್ದರಿಂದ ಅದು ಯಾರಿಗೂ ಕಂಡಿರಲಿಲ್ಲ. ಆ ರೋಗಕ್ಕೆ ಒಂದು ತಿಂಗಳು ನಾನು ಮಾಡಿದ ಔಷಧಿ ಏನು? ದಿನಕ್ಕೆ ನೂರೈವತ್ತು ಸುತ್ತು, ಬಲಕ್ಕೆ.

ಅಳು ಬರಲಿಲ್ಲ, ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಕೈಗೆ ಸಿಕ್ಕ ಕಲ್ಲನ್ನು ನೀರಿಗೆ ಎಸೆದೆ.

ಮರುದಿನ ನನಗೆ ಹೊಳೆದ ಉಪಾಯ ಬಹಳ ಸುಲಭದ್ದಾಗಿತ್ತು. ಬಾವಿಗಿಳಿದು ಎಡಕ್ಕೆ ಸುತ್ತತೊಡಗಿದೆ, ಬಲಕ್ಕೆ ಮುಖ ಹೊರಳಿಸಿ ಉಸಿರು ತೆಗೆಯುತ್ತಾ. ಏಳೆಂಟು ಸುತ್ತಾಗಿರಬೇಕು, ಮೇಲಿನಿಂದ ದೊಡ್ಡಮ್ಮನ ದನಿ ಕೇಳಿತು.

"ಹತ್ತು ಮೇಲಕ್ಕೆ."

"ದೊಡ್ಡಮ್ಮ, ಇದು ರೇಸಿಗೆ..."

"ಯಾವ ರೇಸು? ಎಡಕ್ಕೆ ಸುತ್ತೋದು ಸಾವಿನ ಮನೇಲಿ ಕಣೇ. ಗಂಗಮ್ಮನ ಎದೆ ಮೇಲೆ ಹಂಗೆ ಸುತ್ತುತೀಯೇನು? ಹತ್ತು ಅಂದ್ನಲ್ಲ."

ಮೇಲೆ ಬಂದು ವಾದ ಮಾಡಬೇಕೆಂದಿದ್ದೆ. ಬಾಯಿಗೆ ಬಂದದ್ದೆಲ್ಲ ಹೇಳಲು ತಯಾರಾಗಿಯೇ ಹತ್ತಿದೆ. ಆದರೆ ದೊಡ್ಡಮ್ಮ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಸಿಟ್ಟಿನಿಂದಲ್ಲ, ನನಗೆ ಏನಾದರೂ ಆದೀತೆಂಬ ಹೆದರಿಕೆಯಿಂದ. ನನ್ನ ಬೆನ್ನಿಗೆ ಬೆಂಡು ಕಟ್ಟಿದ ಕೈ ಅದು. ಟವೆಲ್ ಸುತ್ತಿಕೊಂಡು ಮನೆಗೆ ನಡೆದೆ.

ದಾರಿಯಲ್ಲೇ ತೀರ್ಮಾನ ಮಾಡಿದೆ. ಇನ್ನು ಬಾವಿ ಬೇಡ, ಬಲಕ್ಕೂ ಬೇಡ ಎಡಕ್ಕೂ ಬೇಡ. ಉಳಿದದ್ದು ಐದೂವರೆ ವಾರ. ಹದಿನೆಂಟು ವರ್ಷದ ಅಭ್ಯಾಸ ಬಿಡಿಸಲು ಅದು ಸಾಲುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹಿಡಿದ ಹಟ ಬಿಡುವವಳಲ್ಲ ಎಂಬುದು ಮಾತ್ರ ಗೊತ್ತಿತ್ತು. ದಿನಾ ಬೆಳಕು ಹರಿಯುವಾಗ ಹೊರಟು ಜಲಾಶಯಕ್ಕೆ ಸೈಕಲ್ಲಿನಲ್ಲಿ ಹೋಗುವುದು, ಗೋಡೆ ಇಲ್ಲದ ನೀರಿನಲ್ಲಿ ಮೊದಲಿನಿಂದ ಈಜು ಕಲಿಯುವುದು, ಸೈಕಲ್ಲಿನಲ್ಲೇ ವಾಪಸ್ ಬರುವುದು.

ಮೊದಲ ವಾರ ನೀರು ಕುಡಿದೆ. ಮೂರು ಸಲ ಕೈ ಬೀಸಿದರೆ ಒಮ್ಮೆ ಉಸಿರು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬಲಕ್ಕೆ ಹೊರಳಿದಾಗಲೆಲ್ಲ ಬಾಯಿಯ ಬದಲು ಕಿವಿ ನೀರಿನ ಮೇಲಿರುತ್ತಿತ್ತು. ಎಂಟು ಕೈಗೊಮ್ಮೆ, ಕೆರೆಗೆ ಬಿದ್ದ ಎಮ್ಮೆಯ ಹಾಗೆ ಕಣ್ಣಷ್ಟೇ ಮೇಲೆತ್ತಿ ಕ್ಯಾನನ್ನು ನೋಡುತ್ತಿದ್ದೆ. ಬಲಕ್ಕೆ ಓಡುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ವಾಚಿನಲ್ಲಿ ನನ್ನ ದಾರಿ ಇನ್ನೂ ಕುಡುಗೋಲಿನಂತೆ ಬಗ್ಗಿರುತ್ತಿತ್ತು.

ಒಂದು ಬೆಳಿಗ್ಗೆ ಏರಿಯ ಮೇಲೆ ಕೂತಿದ್ದ ಅಪ್ಪ, ನಾನು ದಡಕ್ಕೆ ಬಂದಾಗ, "ಸಾಲು ಸೊಟ್ಟ ಬರ್ತೈತೆ" ಎಂದರು.

ಅಪ್ಪನ ಬಗ್ಗೆ ಇಲ್ಲಿ ಹೇಳಬೇಕು. ಕೂಲಿ ಮಾಡಿ ಬದುಕಿದವರು, ಆದರೆ ಬಿತ್ತನೆಯ ಕಾಲದಲ್ಲಿ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅವರಿಗೆ ಬೇರೆಯೇ ಮರ್ಯಾದೆ. ಎತ್ತಿನ ಕೂರಿಗೆಯಲ್ಲಿ ಶೇಂಗಾ ಬಿತ್ತುವಾಗ ಹೊಲದ ಮೊದಲ ಸಾಲು ಹಾಕಲು ಅವರನ್ನೇ ಕರೆಯುತ್ತಾರೆ. ಮೊದಲ ಸಾಲು ನೇರ ಬಂದರೆ ಉಳಿದವು ಅದರ ಪಕ್ಕ ನೇರ ಬರುತ್ತವೆ. ಅದು ಬಗ್ಗಿದರೆ ಹೊಲವಿಡೀ ಬಗ್ಗುತ್ತದೆ. ಟ್ರ್ಯಾಕ್ಟರ್ ಬಂದ ಮೇಲೂ ಸಣ್ಣ ಹೊಲದವರು ಅವರನ್ನು ಬಿಟ್ಟಿಲ್ಲ.

"ಕ್ಯಾನ್ ನೋಡ್ಕಂಡೇ ಹೋಗ್ತಿದೀನಲ್ಲಪ್ಪ" ಎಂದು ರೇಗಿದೆ.

"ಅದೊಂದನ್ನೇ ನೋಡಿದ್ರೆ ಸೊಟ್ಟನೇ ಆಗೋದು. ಬದುವಿನ ಬೇವಿನ ಗಿಡ ಒಂದನ್ನೇ ನೋಡ್ಕಂಡು ಕೂರಿಗೆ ಹೊಡೆದೋನು ಗಿಡಕ್ಕೇನೋ ಮುಟ್ತಾನೆ. ಹಿಂದೆ ತಿರುಗಿ ನೋಡಿದ್ರೆ ಸಾಲು ಬಿಲ್ಲಿನಂಗೆ ಬಗ್ಗಿರ್ತೈತೆ. ಸ್ವಲ್ಪ ಜಾರ್ತಾನೆ, ಗಿಡದ ಕಡೆ ತಿರುಗ್ತಾನೆ, ಮತ್ತೆ ಜಾರ್ತಾನೆ."

"ಮತ್ತೆ ಏನು ನೋಡ್ಬೇಕು?"

"ಗಿಡದ ಹಿಂದೆ ಇನ್ನೊಂದು ಗುರುತು ಹಿಡೀಬೇಕು. ಗುಡ್ಡದ ಬಂಡೆನೋ, ಗುಡಿ ಗೋಪುರನೋ. ಎತ್ತುಗಳ ನಡುವೆ ಎರಡೂ ಒಂದರ ಹಿಂದೆ ಒಂದು ಕುಂತಿರ್ಬೇಕು. ಹಿಂದಿನದು ಯಾವ ಕಡೆ ಇಣುಕಿತೋ ನೀನೂ ಆ ಕಡೆ ಜಾರೀದಿಯ ಅಂತ ತಿಳ್ಕ."

ಅವರು ಎದ್ದು ನಿಂತು ತೋರಿಸಿದರು. ಕ್ಯಾನಿನ ಹಿಂದೆ, ಆಚೆ ದಡದ ಗುಡ್ಡದಲ್ಲಿ ಬಿಳಿ ಬಂಡೆಯೊಂದಿತ್ತು. ನಾನು ನಾಲ್ಕು ಹೆಜ್ಜೆ ಬಲಕ್ಕೆ ನಡೆದೆ, ಬಂಡೆ ಕ್ಯಾನಿನ ಬಲಕ್ಕೆ ಇಣುಕಿತು. ಎಡಕ್ಕೆ ನಡೆದೆ, ಎಡಕ್ಕೆ ಇಣುಕಿತು. ಐದು ವರ್ಷ ತರಬೇತಿ ಪಡೆದವಳು ಏರಿಯ ಮೇಲೆ ಒದ್ದೆ ಬಟ್ಟೆಯಲ್ಲಿ ಅತ್ತಿಂದಿತ್ತ ನಡೆದಾಡಿದೆ. ತೆಪ್ಪದವರು ಇವಳಿಗೇನೋ ಆಗಿದೆ ಎಂದುಕೊಂಡಿರಬೇಕು.

"ಇದನ್ನ ಮುಂಚೇನೇ ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ? ಬಾವಿಯಾಗೆ ಸಾಲು ಎಲ್ಲಿಂದ ಬರ್ತೈತೆ."

ಅಂದಿನಿಂದ ಕ್ಯಾನು ಮತ್ತು ಬಂಡೆ. ಎಂಟು ಕೈ, ಕಣ್ಣೆತ್ತು, ಬಂಡೆ ಎಲ್ಲಿದೆ? ಬಲಕ್ಕಿದ್ದರೆ ಎಡಕ್ಕೆ ಎರಡು ಕೈ ಜೋರು. ಕ್ಯಾನಿನ ಜಾಗ ದಿನಾ ಬದಲಿಸಿ, ಹಿಂದಿನ ಗುರುತನ್ನು ನಾನೇ ಹುಡುಕಿಕೊಳ್ಳುವ ಹಾಗೆ ಮಾಡಿದೆ. ವಾಚಿನ ಗೆರೆ ನೇರವಾಗುತ್ತಾ ಬಂತು. ಟೈಮ್ ಮಾತ್ರ ಮೊದಲಿಗಿಂತ ಕೆಟ್ಟಿತು, ಏಕೆಂದರೆ ಹೊಸ ಉಸಿರಿಗೆ ಮೈ ಇನ್ನೂ ಒಗ್ಗಿರಲಿಲ್ಲ. ಕೋಚಿಗೆ ಕಳಿಸಿದಾಗ ಅವರು ತಕ್ಷಣ ಫೋನ್ ಮಾಡಿದರು.

"ಇದೇನಮ್ಮ, ಒಂದು ನಿಮಿಷ ಹಿಂದೆ ಹೋಗಿದ್ದೀಯ. ರೇಸಿಗೆ ಮೂರು ವಾರ ಇರುವಾಗ ಯಾರಾದ್ರೂ ಉಸಿರಾಟ ಬದಲಾಯಿಸ್ತಾರಾ? ಹಳೇದಕ್ಕೇ ಹೋಗು."

"ಹಳೇದಕ್ಕೆ ಹೋದ್ರೆ ಖಂಡಿತ ಇಳಿಸ್ತಾರೆ ಸಾರ್. ಇದರಲ್ಲಿ ಇಳಿಸ್ಬಹುದು, ಇಳಿಸದೇನೂ ಇರ್ಬಹುದು. ನಾನು ಇದನ್ನೇ ಮಾಡ್ತೀನಿ."

"ನಿನ್ನಿಷ್ಟ" ಎಂದು ಇಟ್ಟುಬಿಟ್ಟರು. ಅವರ ಮಾತಿಗೆ ಎದುರಾಡಿದ್ದು ಅದೇ ಮೊದಲು. ಬೆಳಿಗ್ಗೆ ಮಾಮೂಲಿನಂತೆ ಜಲಾಶಯಕ್ಕೆ ಹೋದೆ.

ಹೊರಡುವ ದಿನ ಸೈಕಲ್ಲಿನ ಚಕ್ರ, ಪೆಡಲು ಬಿಚ್ಚಿ ಪೆಟ್ಟಿಗೆಗೆ ತುಂಬಿದೆ. ಮೇಲೆ ತಂಡದ ಆಫೀಸಿನ ವಿಳಾಸ ಬರೆದ ಚೀಟಿ ಅಂಟಿಸಿದೆ. ಅದೇನೆಂದು ಅಪ್ಪ ಕೇಳಿದರು.

"ಇಳಿಸಿದ್ರೆ ಸೈಕಲ್ ಅಲ್ಲಿಂದಲೇ ಆಫೀಸಿಗೆ ಕಳಿಸ್ಬೇಕು. ನಾನೊಬ್ಬಳೇ ಬರ್ತೀನಿ."

ಅಪ್ಪ ಚೀಟಿಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ಓದಲು ಬರುವುದಿಲ್ಲ.

ರೇಸು ಇದ್ದದ್ದು ಪಕ್ಕದ ರಾಜ್ಯದ ಒಂದು ದೊಡ್ಡ ಕೆರೆಯಲ್ಲಿ. ಹಿಂದಿನ ಸಂಜೆ ಉಳಿದವರೆಲ್ಲ ಸೈಕಲ್ಲಿನ ದಾರಿ ನೋಡಲು ಹೋದರು. ನಾನು ಕೆರೆಯ ದಡದಲ್ಲೇ ಸುತ್ತಾಡಿ ಗುರುತು ಹುಡುಕಿದೆ. ಈಜಿನ ದಾರಿ ತೋರಿಸಲು ಹಳದಿ ಬಣ್ಣದ ಮೂರು ದೊಡ್ಡ ತೇಲುಬುರುಡೆ, ಪ್ರತಿಯೊಂದನ್ನೂ ಎಡಕ್ಕೆ ಬಿಟ್ಟು ತಿರುಗಬೇಕು, ಎರಡು ಸುತ್ತು. ಮೊದಲನೆಯದರ ಹಿಂದೆ ಕೆಂಪು ಬಿಳಿ ಬಣ್ಣದ ಮೊಬೈಲ್ ಟವರ್ ಸಿಕ್ಕಿತು. ಎರಡನೆಯದರ ಹಿಂದೆ ಎರಡು ತೆಂಗಿನ ಮರ. ಮೂರನೆಯದರ ಹಿಂದೆ ಬರೀ ಬಯಲು, ಕೊನೆಗೊಂದು ನೀರಿನ ಟ್ಯಾಂಕು ಹಿಡಿದೆ.

ಬೆಳಿಗ್ಗೆ ಎಡಗಡೆಯಿಂದ ಗಾಳಿ ಬೀಸುತ್ತಿತ್ತು, ಅಲೆ ಎದ್ದಿತ್ತು. ಕಹಳೆ ಊದಿದ ಕೂಡಲೇ ಇಪ್ಪತ್ತನಾಲ್ಕು ಜನ ಒಟ್ಟಿಗೆ ಹಾರಿದೆವು. ಮೊದಲ ನೂರು ಮೀಟರ್ ಬರೀ ಮೊಣಕೈ, ಹಿಮ್ಮಡಿ, ನೊರೆ. ಅದು ತಿಳಿಯಾದಾಗ ನಾನು ಏಳೆಂಟು ಜನರ ಒಂದು ಗುಂಪಿನ ಬಾಲದಲ್ಲಿದ್ದೆ. ಬಾಲದಲ್ಲಿರುವುದು ಸುಖ. ಮುಂದಿನವಳ ಕಾಲಿನ ಹಿಂದೆ ನೀರು ತಾನಾಗಿ ಎಳೆದುಕೊಂಡು ಹೋಗುತ್ತದೆ, ದಾರಿಯ ಚಿಂತೆಯೂ ಅವಳದೇ.

ಎಂಟು ಕೈ, ಕಣ್ಣೆತ್ತಿದೆ. ಟವರ್ ಬುರುಡೆಯ ಬಲಕ್ಕೆ ಇಣುಕುತ್ತಿತ್ತು. ಇನ್ನೆಂಟು ಕೈ. ಟವರ್ ಇನ್ನೂ ಬಲಕ್ಕೆ. ಗಾಳಿ ಗುಂಪನ್ನೇ ಬಲಕ್ಕೆ ತಳ್ಳುತ್ತಿತ್ತು. ಮುಂದಿನವಳು ಬುರುಡೆಯೊಂದನ್ನೇ ನೋಡುತ್ತಿದ್ದಾಳೆ, ಉಳಿದವರು ಅವಳನ್ನು ನೋಡುತ್ತಿದ್ದಾರೆ. ಬೇವಿನ ಗಿಡ ಒಂದನ್ನೇ ನೋಡುವ ಕೂರಿಗೆಯವರು.

ಗುಂಪು ಬಿಟ್ಟರೆ ಅಲೆಯೆಲ್ಲ ನನ್ನದೇ. ನನ್ನ ಗುರುತು ತಪ್ಪಾಗಿದ್ದರೆ ಮತ್ತೆ ಕೊನೆಯವಳು, ಮತ್ತೆ ಎಳನೀರಿನವನ ಪಕ್ಕ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಹದಿನೆಂಟು ವರ್ಷ ಬಲಕ್ಕೆ ಬಗ್ಗಿದ ಮೈ ಬಲಕ್ಕೆ ಹೋಗುತ್ತಿರುವ ಗುಂಪಿನ ಜೊತೆ ಹಾಯಾಗಿತ್ತು ಬೇರೆ. ಮೂರನೇ ಸಲ ಕಣ್ಣೆತ್ತಿದಾಗಲೂ ಟವರ್ ಬಲಕ್ಕೇ ಇತ್ತು. ಎಡಕ್ಕೆ ಹೊರಳಿ ಗುಂಪು ಬಿಟ್ಟೆ.

ಸುಮಾರು ಇನ್ನೂರು ಕೈ ಒಬ್ಬಳೇ ಹೋದೆ. ಭುಜ ಉರಿಯಿತು, ಎರಡು ಸಲ ಅಲೆ ಬಾಯಿಗೆ ಹೊಡೆಯಿತು. ಟವರ್ ನಿಧಾನವಾಗಿ ಬುರುಡೆಯ ಹಿಂದೆ ಬಂದು ಕೂತಿತು, ಅಲ್ಲೇ ಉಳಿಯಿತು. ಬುರುಡೆ ತಿರುಗುವಾಗ ಪಕ್ಕಕ್ಕೆ ನೋಡಿದೆ. ನಾನು ಬಿಟ್ಟ ಗುಂಪು ಬಲಗಡೆಯಿಂದ ವಾಪಸ್ ಬಗ್ಗಿ ಬರುತ್ತಿತ್ತು, ನನ್ನಿಂದ ಹದಿನೈದು ಮೀಟರ್ ಹಿಂದೆ. ಎದುರಿಗೆ ಇನ್ನೊಂದು ಗುಂಪಿನ ಕಾಲುಗಳು ಕಂಡವು. ಎರಡನೇ ಸುತ್ತಿಗೆ ಅವರನ್ನು ಹಿಡಿದೆ.

ನೀರಿನಿಂದ ಒಂಬತ್ತನೆಯವಳಾಗಿ ಎದ್ದೆ. ಹೆಲ್ಮೆಟ್ಟಿನ ಕೊಂಡಿ ಮೂರನೇ ಪ್ರಯತ್ನಕ್ಕೆ ಕೂತಿತು, ಅದರಲ್ಲೇ ಗುಂಪು ಐವತ್ತು ಮೀಟರ್ ಮುಂದೆ ಹೋಯಿತು. ಅದನ್ನು ಹಿಡಿಯಲು ಮೊದಲ ಸುತ್ತಿಡೀ ಹಲ್ಲು ಕಚ್ಚಿ ತುಳಿದೆ. ಬಳ್ಳಾರಿ ರಸ್ತೆಯ ಎದುರು ಗಾಳಿ ಕಲಿಸಿದ ವಿದ್ಯೆ ಅಲ್ಲಿ ಕೆಲಸಕ್ಕೆ ಬಂತು. ಆಮೇಲೆ ಸರದಿಯಲ್ಲಿ ನಾನೂ ಗಾಳಿಗೆ ಎದೆಯೊಡ್ಡಿದೆ, ನನ್ನ ಸರದಿ ಮುಗಿದಾಗ ಹಿಂದೆ ಸರಿದೆ. ಆರನೇ ಸುತ್ತು ಬಂತು. ಸೀಟಿ ಊದುವ ಅಧಿಕಾರಿ ದೂರದಿಂದಲೇ ಕಂಡರು. ಅವರು ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ಏಳು, ಎಂಟು. ಓಟದಲ್ಲಿ ಮೂವರು ನನ್ನನ್ನು ದಾಟಿದರು, ದಾಟಲಿ ಎಂದುಕೊಂಡೆ. ಹನ್ನೆರಡನೆಯವಳಾಗಿ ಮುಗಿಸಿದೆ.

ಕೋಚ್ ಬಂದು ವಾಚು ಕೇಳಿ ಪಡೆದು, ಈಜಿನ ಲೆಕ್ಕ ನೋಡಿದರು. ಸಾವಿರದ ಐನೂರ ಮೂವತ್ತು. "ಮುಂದಿನ ತಿಂಗಳು ಬಂದಾಗ ಇದನ್ನ ಉಳಿದವರಿಗೂ ಹೇಳಿಕೊಡು" ಎಂದರು. ಸೈಕಲ್ಲಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, "ಈಗೇನೂ ಹೇಳ್ಬೇಡ. ಯಾವ ಬಸ್ಸು ಅದಷ್ಟು ಹೇಳು" ಎಂದರು. ಬಸ್ಸಿನ ಹೊತ್ತು ಹೇಳಿದೆ. ಇಟ್ಟುಬಿಟ್ಟರು.

ಮರುದಿನ ಬೆಳಿಗ್ಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ನನ್ನನ್ನು ದಾಟಿ ಹೋಗಿ ಬಸ್ಸಿನ ಡಿಕ್ಕಿಯ ಮುಂದೆ ನಿಂತರು. ಕಂಡಕ್ಟರ್ ಬಂದು ಅದರ ಬಾಗಿಲೆತ್ತಿದ. ಯಾರದೋ ಸೀರೆ ಗಂಟು, ಈರುಳ್ಳಿ ಚೀಲ, ಅವುಗಳ ಹಿಂದೆ ನನ್ನ ಪೆಟ್ಟಿಗೆ.

ಅಪ್ಪ ಅದನ್ನು ತಾವೇ ಎಳೆದು ಕೆಳಗಿಳಿಸಿದರು. "ಸೈಕಲ್ ಒಳಗೈತಾ?"

"ಐತೆ ಅಪ್ಪ."

ಅವರು ಕುಕ್ಕರಗಾಲಲ್ಲಿ ಕೂತು, ಪೆಟ್ಟಿಗೆಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದರು. ಗೋಂದು ಗಟ್ಟಿಯಾಗಿತ್ತು, ಚೂರು ಚೂರಾಗಿ ಬರುತ್ತಿತ್ತು. ಪೂರ್ತಿ ಹೋಗುವ ತನಕ ಅವರು ಏಳಲಿಲ್ಲ. ನನಗೆ ಆಗ ಅಳು ಬಂತು, ತಡೆಯಲಾಗದ ಅಳು.

ಅಪ್ಪ ಟವೆಲ್ಲಿನಿಂದ ಕೈ ಒರೆಸಿಕೊಂಡು ಎದ್ದರು. "ನಡಿ. ನಾಳೆ ಮೊದಲ ಸಾಲು ಹಾಕೋಕೆ ಕರೆದವ್ರೆ. ನನ್ನ ಕಣ್ಣು ಮೊದಲಿನಂಗಿಲ್ಲ. ನೀನು ಬದುವಿನ ಮೇಲೆ ನಿಂತು ನೋಡು, ಸೊಟ್ಟ ಬಂದ್ರೆ ಕೂಗು."